ಬಲಗಡೆಯ ಅಂಕಿಗಳು

"ಕಂಪ್ಯೂಟರ್ ಒಯ್ಯಾಕ ಬಂದೀನಿ."

ನಾಲ್ಕು ತಿಂಗಳ ಮೇಲೆ ಗಂಡ ಸಮಾಧಾನನ ಬಾಯಿಂದ ಬಂದ ಮೊದಲ ಮಾತು ಅದು. ಚೀಲ ಹಿಡಿದು ಹೊಸ್ತಿಲಾಚೆ ನಿಂತೇ ಆಡಿದ.

'ಕಣ್ಣಾಗ ನೀರು ಬರಬಾರದು... ಇವತ್ತೊಂದು ದಿನ.'

ಹಾಗೆಂದುಕೊಂಡು ಸಪನಾ ಬಾಗಿಲು ಬಿಟ್ಟು ಸರಿದಳು. ನಾಳೆ ಅಥಣಿಯಲ್ಲಿ ವಿಚ್ಛೇದನದ ಅರ್ಜಿಗೆ ಇಬ್ಬರೂ ಸಹಿ ಹಾಕಬೇಕಿತ್ತು.

"ಒಯ್ರಿ. ನನಗರ ಅದು ತೆರಿಯೂದಿಲ್ಲ. ಪಾಸ್‌ವರ್ಡ್ ಬದಲಿ ಮಾಡೇ ಹೋಗೀರಲ್ಲ."

"ಯಾರು?"

"ನೀವು. ನನ್ನ ಹೆಸರು, ನಮ್ಮ ಲಗ್ನದ ತಾರೀಖು ಇತ್ತು. ತಗದು ಹಾಕೀರಿ."

ನಾಲ್ಕು ತಿಂಗಳ ಹಿಂದೆ, 'ನಿಮ್ಮ ಮನಸಿನ್ಯಾಗ ನಾ ಎಲ್ಲಿ ಅದೀನ್ರಿ?' ಎಂದು ಕೇಳಿದ್ದಳು. ಉತ್ತರಕ್ಕೆ ಬದಲು ಅವನು ಅಥಣಿಯಲ್ಲಿ ಕೋಣೆ ಹಿಡಿದ. ಅವಳು ಮೇನ್ ಸ್ವಿಚ್ ಆರಿಸಿ ಬೇಡಕಿಹಾಳದ ತವರಿಗೆ ಹೋದಳು. ಎರಡು ತಿಂಗಳ ಮೇಲೆ ಉಗಾರದ ಈ ಮನೆಗೆ ಮರಳಿ, ಅವನ ಫೋಟೊ ಆದರೂ ನೋಡೋಣವೆಂದು ಕಂಪ್ಯೂಟರಿನ ಮುಂದೆ ಕೂತಳು. ಹೆಸರು, ತಾರೀಖು... ತಪ್ಪು. ಮತ್ತೆ ತಪ್ಪು. ಆ ಸಂಜೆಯೇ ವಿಚ್ಛೇದನಕ್ಕೆ ವಕೀಲರ ಮುಂದೆ 'ಹೂಂ' ಎಂದಿದ್ದಳು.

"ನಾ ಮುಟ್ಟಿಲ್ಲ. ಹೊಡದು ತೋರಸು."

ಹೆಸರು ಹೊಡೆದಳು. ಬಲಗೈ ತಾನಾಗಿ ಕೀಬೋರ್ಡಿನ ಬಲತುದಿಯ ಅಂಕಿಗಳಿಗೆ ಹೋಯಿತು. ನೋಟ ಕಿಟಕಿಯಾಚೆ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಆರು ಹಂಗಾಮು ಕಬ್ಬಿನ ಗಾಡಿ ತೂಗಿದವಳು. ಕಣ್ಣು ಗಾಡಿಯ ಮೇಲೆ, ಬೆರಳು ಅಂಕಿಯ ಮೇಲೆ. ಮೇಲಿನ ಸಾಲಿನ ಅಂಕಿಗಳನ್ನು ಅವಳು ಮುಟ್ಟಿದ್ದೇ ಇಲ್ಲ.

ತಪ್ಪು.

"ನೋಡಿದ್ರಿ?"

ಅವನು ಕೀಬೋರ್ಡಿನ ಮೂಲೆ ನೋಡುತ್ತಿದ್ದ. "ನಂಬರ್ ಲಾಕಿನ ದೀಪ ಹತ್ತಿಲ್ಲ. ಬಲಗಡೆ ಅಂಕಿ ಬಂದ್ ಅದಾವು. ತಾರೀಖು ಬೀಳೂದ ಇಲ್ಲ."

"ಮೊದಲ ಬೀಳತಿತ್ತಲ್ಲ..."

ಅವನು ಪರದೆಯ ಮೂಲೆಯ ತಾರೀಖಿನತ್ತ ಬಗ್ಗಿದ.

"ಈ ಮಷೀನ್ ಚಾಲೂ ಆದಾಗ ಅವು ಬಂದ್ ಇರತಿದ್ವು. ನೀ ಈ ಮನಿಗೆ ಬರೂಕಿಂತ ಮೊದಲ, ಸೆಟಿಂಗಿನ್ಯಾಗ ಹೊಕ್ಕು, ಶುರುವಿನಿಂದನ ಚಾಲೂ ಇರೂಹಂಗ ಮಾಡಿದ್ದೆ. ಕಾಟಾದ ಹುಡುಗಿ ಬರ್ತಾಳ, ಬಲಗೈಲೇ ಹೊಡೀತಾಳ ಅಂತ. ಈಗ ಒಳಗಿನ ಸೆಲ್ ಸತ್ತೈತಿ, ಕರೆಂಟ್ ಬಂದ್ ಆದಾಗ ಮಷೀನ್ ಎಲ್ಲಾ ಮರತೈತಿ. ನೋಡು, ಇವತ್ತಿನ ತಾರೀಖೂ ಹಳೇದ ತೋರಸ್ತೈತಿ."

"ನನಗೊಂದ ಮಾತು ಹೇಳಲಿಲ್ಲ?"

"ಅದೇನ್ ಹೇಳೂವಂಥಾದ್ದು?"

ಅವನು ಒಂದು ಕೀಲಿ ಒತ್ತಿದ. ಹಸಿರು ದೀಪ ಹತ್ತಿತು. ಅವಳು ಮತ್ತೆ ಹೊಡೆದಳು. ಹೆಸರು... ತಾರೀಖು...

ತೆರೆಯಿತು.

ಅವಳು ಮುಖ ಮುಚ್ಚಿಕೊಂಡಳು. ಅಂದು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ದಿನ ಅವಳ ಬೆರಳ ಕೆಳಗೇ ಇತ್ತು.

"ಹೊಸಾ ಸೆಲ್ ಎಲ್ಲಿ ಸಿಗತೈತ್ರಿ?"

"ಅಥಣ್ಯಾಗ. ನಾಳೆ ಹೆಂಗೂ ಹೊಂಟೀವಲ್ಲ."

"ಸೆಲ್ ಅಷ್ಟ ತರೂಣು."

"ಮತ್ತ ಸಹಿ?"

"ನನ್ನ ಬಲಗೈ ಅಂಕಿ ಹೊಡ್ಯಾಕ ಅಷ್ಟ ಐತಿ."

ಸಮಾಧಾನ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡ. "ಸರಿ, ಸೆಟಿಂಗ್ ಹಾಕತೀನಿ."

"ಸೆಲ್ ಇಲ್ಲದ ಮತ್ತ ಮರೀತೈತಲ್ರಿ?"

"ಮರೀಲಿ. ದಿನಾ ಹಾಕತೀನಿ."