ಗೋಲ್‌ಕೀಪರಳ ಅಣ್ಣ

ಕೋಚ್ ಲತಾಮಣಿ ವಿಸಿಲ್ ಊದಿದರೂ ಬೈಕು ನಿಲ್ಲಲಿಲ್ಲ. ಜಯನಗರದ ಶಾಲೆಯ ಮೈದಾನವನ್ನು ಅಡ್ಡ ಹಾಯ್ದು ಬಂದು ಗೋಲ್‌ಪೋಸ್ಟಿನ ಎದುರೇ ನಿಂತಿತು.

"ಯಶು, ಗ್ಲೌಸ್ ಬಿಚ್ಚು. ಮನೆಗೆ ನಡಿ."

ಗೋಲ್‌ಕೀಪರ್ ಯಶೋಧರಾ ಒಮ್ಮೆ ಅಣ್ಣನನ್ನು, ಒಮ್ಮೆ ಕೋಚನ್ನು ನೋಡಿದಳು. ಅದೇ ವಾರ ಅವಳು ಭಾರತದ ಅಂಡರ್-19 ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾಗಿದ್ದಳು. ಮುಂದಿನ ತಿಂಗಳು ಮಲೇಷ್ಯಾದಲ್ಲಿ ಏಷ್ಯಾದ ಹುಡುಗಿಯರ ಚಾಂಪಿಯನ್‌ಶಿಪ್.

"ಮೊದ್ಲು ಬೈಕ್ ಆಚೆ ತೆಗೀರಿ," ಎಂದಳು ಲತಾಮಣಿ. "ಆಮೇಲೆ ಮಾತು."

"ನಿಮ್ಮ ಹತ್ರ ಏನ್ ಮಾತು ಮೇಡಂ? ಅವಳು ಎಲ್ಲಿಗೂ ಬರಲ್ಲ."

ಭೀಮೇಶ್ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಮೆಕ್ಯಾನಿಕ್. ಅಪ್ಪ ತೀರಿಕೊಂಡ ಮೇಲೆ ಗೊಟ್ಟಿಗೆರೆಯ ಮನೆಯ ಭಾರವೆಲ್ಲ ಅವನದೇ. ಹಿಂದೊಮ್ಮೆ ಬೇರೆ ಕ್ಲಬ್ಬಿಗೆ ಆಡುವಾಗ ತಂಗಿಯ ಎಡಭುಜ ಜಾರಿತ್ತು. ಅವಳನ್ನು ಕರೆದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವನು ಅವನು. ಕ್ಲಬ್ಬಿನವರು ಒಬ್ಬರೂ ಇಣುಕಿರಲಿಲ್ಲ. ಅಂದಿನಿಂದ ಫುಟ್‌ಬಾಲ್ ಎಂಬ ಮಾತು ಕೇಳಿದರೇ ಅವನಿಗೆ ಆಗುತ್ತಿರಲಿಲ್ಲ.

"ಅವಳ ಭುಜ ಜಾರಿದ ವಿಷ್ಯ ಗೊತ್ತು," ಎಂದಳು ಲತಾಮಣಿ. "ಆಗ ನಾನಿರ್ಲಿಲ್ಲ. ಈಗ ನಾನಿದೀನಿ."

"ಎಲ್ರೂ ಹೀಗೇ ಹೇಳೋದು. ಅವಳ ಕೈ ಮುರಿದ್ರೆ ನಿಮಗೆ ಇನ್ನೊಬ್ಳು ಕೀಪರ್ ಸಿಕ್ತಾಳೆ. ನನಗೆ ಇನ್ನೊಬ್ಳು ತಂಗಿ ಸಿಗಲ್ಲ."

ಆ ಮಾತು ನಿಜವೆಂದು ಲತಾಮಣಿಗೂ ಅನ್ನಿಸಿತು. ಅದಕ್ಕೇ ಕೋಪ ಇನ್ನೂ ಏರಿತು.

"ನಂಬಿಕೆ ಇಲ್ಲ ಅಂದ್ರೆ ದಿನಾ ಬಂದು ಕೂತ್ಕೊಳ್ಳಿ. ನಾನೇನು ತಪ್ಪು ಮಾಡ್ತೀನಿ ನೋಡಿ. ಆದ್ರೆ ಅವಳನ್ನ ಒಂದು ಮಾತು ಕೇಳದೆ ಗ್ಲೌಸ್ ಬಿಚ್ಚಿಸ್ಬೇಡಿ."

ಅವನು ಬಂದೇಬಿಟ್ಟ. ಮಧ್ಯಾಹ್ನದ ಶಿಫ್ಟಿಗೆ ಮುಂಚೆ ಪ್ರತಿ ಬೆಳಗ್ಗೆ ಗೋಲಿನ ಹಿಂದೆ ಕೈಕಟ್ಟಿ ಕೂತು ಕೋಚನ್ನೇ ದುರುಗುಟ್ಟಿ ನೋಡುತ್ತಿದ್ದ. ಬೆನ್ನು ತಿರುಗಿಸಿದರೂ ಆ ನೋಟ ಕತ್ತಿನ ಮೇಲೆ ಇದ್ದಂತೆಯೇ ಅನ್ನಿಸುತ್ತಿತ್ತು ಲತಾಮಣಿಗೆ. ಕೂದಲನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಸಿಟ್ಟು ಬಂದಾಗ ಅವನ ಒಂದು ಹುಬ್ಬು ಮಾತ್ರ ಮೇಲೇರುತ್ತದೆ ಎಂಬುದನ್ನು ತಾನು ಗಮನಿಸಿದ್ದೇಕೆ ಎಂದು ತನ್ನ ಮೇಲೇ ಸಿಡಿಮಿಡಿಗೊಂಡಳು.

"ಎಡಗಡೆ ಬೀಳಿಸಿದ್ದು ಸಾಕು ಮೇಡಂ. ಜಾರಿದ ಭುಜ ಅದು."

"ಬಾಲ್ ಎಡಗಡೆ ಬಂದ್ರೆ, ನನಗೆ ನೋವು, ಆ ಕಡೆ ಹೋಗು ಅಂತ ಹೇಳಕ್ಕಾಗುತ್ತಾ ಸಾರ್? ಅಷ್ಟು ಗೊತ್ತಿದ್ರೆ ನೀವೇ ಬಂದು ನಿಲ್ಲಿ."

ಅವನು ಎದ್ದು ಬಂದು ನಿಂತ. ಲತಾಮಣಿ ಒದ್ದ ಮೊದಲ ಚೆಂಡು ಬಲಕ್ಕೆ ಹೋಯಿತು, ಅವನು ಎಡಕ್ಕೆ ಬಿದ್ದ. ಹುಡುಗಿಯರು ಕಿಸಕ್ಕೆಂದರು. ಮುಂದಿನದು ನೇರ ಅವನ ಮೂಗಿಗೆ.

ರಕ್ತ ಕಂಡು ಲತಾಮಣಿ ಓಡಿದಳು. ಗಲ್ಲ ಹಿಡಿದು ಒದ್ದೆ ಟವೆಲನ್ನು ಮೂಗಿಗೆ ಒತ್ತಿದಳು.

"ಬೇಕಂತ್ಲೇ ಹೊಡೆದ್ರಿ."

"ಹೌದು."

"ನೋಯ್ತಿದೆ."

"ನೋಯ್ಲಿ."

ಮಾತು ಹಾಗಿದ್ದರೂ ಅವಳ ಕೈ ಗಲ್ಲವನ್ನು ಬಿಟ್ಟಿರಲಿಲ್ಲ. ಇಷ್ಟು ಹತ್ತಿರದಿಂದ ಅವನ ಕಣ್ಣು ಕಪ್ಪಲ್ಲ, ಜೇನಿನ ಬಣ್ಣ. ಆ ಕಣ್ಣು ಕೋಪವನ್ನು ಮರೆತು ಅವಳ ರೆಪ್ಪೆಗಳನ್ನು ನೋಡುತ್ತಿತ್ತು. ಅವಳು ಟವೆಲನ್ನು ಅವನ ಕೈಗೆ ತುರುಕಿ ದೂರ ಹೋದಳು.

ತಂಡ ಹೊರಡುವ ಹಿಂದಿನ ದಿನ ಅವನೇ ಬಂದು ಎದುರು ನಿಂತ. "ಹೋಗಿ ಬರ್ಲಿ. ಆದ್ರೆ ಅವಳಿಗೆ ಏನಾದ್ರೂ ಆದ್ರೆ ನಿಮ್ಮನ್ನ ಬಿಡಲ್ಲ."

"ಬಿಡ್ಬೇಡಿ."

ಅಂದ ಮೇಲೆಯೇ ಆ ಮಾತಿಗೆ ಇನ್ನೊಂದು ಅರ್ಥವೂ ಇದೆ ಎಂದು ಅವಳಿಗೆ ತಿಳಿದದ್ದು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಭಾರತ ತಂಡದ ಜೊತೆ ಹೋದವರು ಬೇರೆ ಕೋಚ್‌ಗಳು; ಲತಾಮಣಿ ಊರಲ್ಲೇ ಉಳಿದಳು. ಮ್ಯಾಚು ಯಾವ ಟಿವಿಯಲ್ಲೂ ಬರಲಿಲ್ಲ. ಮೊದಲ ಮ್ಯಾಚಿನ ಸುದ್ದಿಯನ್ನು ಅವನೇ ಶಾಲೆಯ ಗೇಟಿಗೆ ತಂದ.

"ಒಂಬತ್ತು ಗೋಲು ತಿಂದ್ಲು. ಫೋನಲ್ಲಿ ಒಂದೇ ಸಮ ಅಳ್ತಿದಾಳೆ. ಇದನ್ನ ತಿನ್ನಿಸೋಕೆ ಅಷ್ಟು ದೂರ ಕಳಿಸಿದ್ರಾ?"

ಲತಾಮಣಿ ಗೇಟಿನಾಚೆ ಬಂದು ಅವನೆದುರು ನಿಂತಳು. "ನನಗೆ ಅವಳ ವಯಸ್ಸಿದ್ದಾಗ ಹುಡುಗೀರಿಗೆ ಇಂಥ ಟೂರ್ನಮೆಂಟೇ ಇರ್ಲಿಲ್ಲ. ಹುಡುಗ್ರು ಬಿಸಾಕಿದ ಶೂ ಹಾಕ್ಕೊಂಡು ಆಡ್ತಿದ್ದೆ. ಆ ಒಂಬತ್ತು ಗೋಲು ತಿನ್ನೋಕೂ ನನ್ನನ್ನ ಯಾರೂ ಕರೀಲಿಲ್ಲ, ಭೀಮೇಶ್."

ಅವಳು ಅವನ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು. ದನಿ ಒಡೆದದ್ದು ಅವನಿಗೆ ಕೇಳಿಸಿತು.

"ನಾನು ಹಾಗಂದಿದ್ದಲ್ಲ..."

"ಹೋಗಿ ಇಲ್ಲಿಂದ."

ಅವನು ಹೋದ. ಮರುದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಗೋಲಿನ ಹಿಂದಿನ ಆ ಜಾಗ ಖಾಲಿ ಇದ್ದದ್ದಕ್ಕೂ ಲತಾಮಣಿಗೆ ಸಿಟ್ಟೇ ಬಂತು.

ತಂಡ ವಾಪಸಾದ ಮಧ್ಯಾಹ್ನ ಆಗ ಇನ್ನೂ ನಡೆಯುತ್ತಿದ್ದ ಹಳೆ ಏರ್‌ಪೋರ್ಟಿನ ಬಾಗಿಲಲ್ಲಿ ಇಬ್ಬರೂ ಎದುರಾದರು. ಅವನ ಜೊತೆ ಅವನ ತಾಯಿ ಅಣ್ಣಮ್ಮ. ಭೀಮೇಶ್ ಕತ್ತು ತಗ್ಗಿಸಿದ. ಲತಾಮಣಿ ಕಂಬದ ಆಚೆ ಹೋಗಿ ನಿಂತಳು.

ಯಶೋಧರಾ ಬ್ಯಾಗು ಎಳೆದುಕೊಂಡು ಬಂದಳು. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಅವಳು ಮೊದಲು ತಬ್ಬಿದ್ದು ಕೋಚನ್ನು.

"ಮ್ಯಾಮ್, ಕೊನೇ ಮ್ಯಾಚು ಒಂದೇ ಗೋಲಲ್ಲಿ ಸೋತ್ವಿ." ಆಮೇಲೆ ಅಣ್ಣನ ಕಡೆ ತಿರುಗಿದಳು. "ಮತ್ತೆ ಆಡ್ತೀನಿ ಅಣ್ಣ. ನೀನು ಬೇಡ ಅಂದ್ರೂ."

ಭೀಮೇಶ್ ತಂಗಿಯ ಭುಜವನ್ನು ಮೆಲ್ಲಗೆ ಮುಟ್ಟಿ ನೋಡಿದ. "ಆಡು," ಎಂದ.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ತಾಯಿ, ಮಗಳು ಬಾಡಿಗೆಯ ಓಮ್ನಿ ವ್ಯಾನು ಹತ್ತಿದರು. ಅವನು ಹತ್ತಲಿಲ್ಲ.

"ಮೇಡಂ, ನಾಳೆ ಎಷ್ಟೊತ್ತಿಗೆ ಪ್ರಾಕ್ಟೀಸು?"

"ಯಶುಗೆ ಒಂದು ವಾರ ರೆಸ್ಟ್."

"ಯಶು ವಿಷ್ಯ ಕೇಳ್ಲಿಲ್ಲ."

ಲತಾಮಣಿ ಕೂದಲನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಅವಳು ಇಲ್ದೇ ಇದ್ದಾಗ ಗ್ರೌಂಡಿಗೆ ಬರೋಕೆ ನೆಪ ಇರ್ಲಿಲ್ಲ," ಎಂದ ಅವನು. "ನೀವು ಹೋಗಿ ಅಂದಿದ್ದು ಇನ್ನೂ ಕಿವೀಲೇ ಇದೆ. ಜಗಳ ಆಡ್ತಾ ಆಡ್ತಾ ನನಗೆ ನೀವು ಬೇಕೇ ಬೇಕು ಅನ್ನೋ ಹಾಗಾಯ್ತು, ಲತಾ."

"ಇದನ್ನ ಹೇಳೋಕೆ ಟ್ಯಾಕ್ಸಿ ಸ್ಟ್ಯಾಂಡೇ ಸಿಕ್ತಾ ನಿಮಗೆ?"

"ಗ್ರೌಂಡಲ್ಲಿ ಹೇಳಿದ್ರೆ ಒದೀತಿದ್ರಿ."

ತಡೆದರೂ ನಗು ಬಂದುಬಿಟ್ಟಿತು. ಅದನ್ನು ಅವನು ನೋಡಿದ್ದಕ್ಕೆ ಮುಖ ಗಂಟಿಕ್ಕಿದಳು. "ನನಗಿನ್ನೂ ಕೋಪ ಹೋಗಿಲ್ಲ."

"ನನಗೂ ಹೋಗಿಲ್ಲ."

ಅವಳು ಅವನನ್ನು ದಾಟಿ ಹೋಗಿ ಓಮ್ನಿ ಹತ್ತಿ ಕೂತಳು. ಅವನು ಹಿಂದೆಯೇ ಹತ್ತಿ ಬಾಗಿಲು ಎಳೆದ.

"ಜೆ.ಪಿ. ನಗರದಲ್ಲಿ ನಿಮ್ಮ ಮನೆ ಹತ್ರ ಇಳಿಸ್ಲಾ?"

"ಬೇಡ," ಎಂದಳು ಲತಾಮಣಿ ಮುಂದಿನ ಗಾಜನ್ನೇ ನೋಡುತ್ತ. ಸೀಟಿನ ಮೇಲೆ ಅವನ ಕೈ ಅವಳ ಕೈಯನ್ನು ತಾಗಿತ್ತು. ಅವಳು ತೆಗೆಯಲಿಲ್ಲ. "ಗೊಟ್ಟಿಗೆರೆಗೇ, ನಿಮ್ಮ ಮನೆಗೇ ಬರ್ತೀನಿ. ಜಗಳ ಅರ್ಧಕ್ಕೆ ಬಿಟ್ಟು ಹೋಗೋ ಅಭ್ಯಾಸ ನನಗಿಲ್ಲ."