ಮಾತು ಬಂದ ಜಾಲತಾಣ

"ನಿಮ್ಮ ಜಾಲತಾಣಕ್ಕೆ ಬಾಯೇ ಇಲ್ಲ ಕಣ್ರೀ!"

ರಾಣಿ ತಿರುಗಿ ನೋಡಿದಳು. ಹೆಗ್ಗಡದೇವನಕೋಟೆಯ ಮಾಹಿತಿ ಕೇಂದ್ರದಲ್ಲಿ ಇಷ್ಟು ಜೋರಾಗಿ ಯಾರೂ ಮಾತಾಡಿದವರಿಲ್ಲ. ಅದೂ ಕೇಂದ್ರಕ್ಕಾಗಿ ಅವಳೇ ಮಾಡಿದ ಜಾಲತಾಣದ ಬಗ್ಗೆ!

"ಬಾಯಿನಾ? ಏನ್ರೀ ನಿಮ್ಮ ಮಾತಿನ ಅರ್ಥ?"

ಆಮೇಲೆ ಅವಳಿಗೆ ಬಾಗಿಲಲ್ಲಿ ನಿಂತಿದ್ದವನ ಕೈಯಲ್ಲಿದ್ದ ಬಿಳಿ ಕೋಲು ಕಂಡಿತು. ಅವಳು ಎದ್ದು ನಿಂತಳು.

"ದೇವರಾಜ ಅಂತ. ಹಂಪಾಪುರದ ಬಸ್‌ಸ್ಟ್ಯಾಂಡ್ ಹತ್ರ ಫೋನ್ ಬೂತ್ ಇಟ್ಕಂಡಿದ್ದೀನಿ. ಅಲ್ಲೇ ಒಂದು ಹಳೇ ಕಂಪ್ಯೂಟರೂ ಅದೆ, ತೆರೆ ಮೇಲಿರೋದನ್ನ ಓದಿ ಹೇಳೋದು. ನಿಮ್ಮ ತಾಣ ತೆಗೆದ್ರೆ ಅದು ಏನಂತದೆ ಕೇಳ್ತೀರಾ?"

ಅವನು ಜೇಬಿನಿಂದ ಆ ಓದುವ ತಂತ್ರಾಂಶದ ಸಿ.ಡಿ. ತೆಗೆದುಕೊಟ್ಟ. ರಾಣಿ ಅದನ್ನು ಹಾಕಿ ತನ್ನ ಪುಟ ತೆರೆದಳು. ಯಂತ್ರದ ಒಣ ದನಿ ಹೊರಟಿತು.

"ಗ್ರಾಫಿಕ್... ಗ್ರಾಫಿಕ್... ಗ್ರಾಫಿಕ್..."

ಅಷ್ಟೇ! ಪಿಂಚಣಿ, ಪಡಿತರ, ಪಹಣಿ ಎಲ್ಲವೂ ಯಂತ್ರಕ್ಕೆ ಬರೀ ಗ್ರಾಫಿಕ್, ಓದಲಾಗದ ಚಿತ್ರ!

ರಾಣಿಯ ಮುಖ ಕೆಂಪಾಯಿತು. ಬೇರೆ ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಚೌಕ ಚೌಕವಾಗಿ ಕಾಣುತ್ತಿತ್ತು. ಅದಕ್ಕೆಂದೇ ಅವಳು ಪ್ರತಿ ಪುಟವನ್ನೂ ಟೈಪು ಮಾಡಿ, ಚಿತ್ರವಾಗಿಸಿ ಅಂಟಿಸಿದ್ದಳು. ಎಲ್ಲರೂ ಚೆಂದವೆಂದು ಹೊಗಳಿದ್ದರು. ಸಂಜೆ ತರಗತಿಯಲ್ಲಿ ಕಲಿತವಳು ತಾನು, ಎಲ್ಲೋ ತಪ್ಪಿರುತ್ತದೆ ಎಂಬ ಅಳುಕು ಅವಳಿಗೆ ಮೊದಲಿನಿಂದಲೂ ಇತ್ತು. ಇಂದು ಅದು ನಿಜವಾಯಿತು!

"ಕ್ಷಮಿಸಿ... ನನಗೆ ಹೊಳೀಲೇ ಇಲ್ಲ," ಎಂದಳು ಸಣ್ಣಗೆ.

"ಅಯ್ಯೋ ಬುಡಿ, ಜಗಳಕ್ಕೆ ಬಂದಿಲ್ಲ. ಸದ್ಯಕ್ಕೆ ನೀವೇ ಓದಿ ಹೇಳಿ. ಬೂತಿಗೆ ಬರೋರು ಕೇಳ್ತಾರೆ, ನಾನು ಹೇಳ್ಬೇಕಲ್ಲ."

ಅಂದಿನಿಂದ ಪ್ರತಿ ಸಂತೆಯ ದಿನ ದೇವರಾಜ ಬರತೊಡಗಿದ. ಅವಳು ಓದುವಳು, ಅವನು ತಲೆ ಓರೆ ಮಾಡಿ ಕೇಳುವನು. ಒಮ್ಮೆ ಕೇಳಿದರೆ ಸಾಕು, ಮರೆಯುತ್ತಿರಲಿಲ್ಲ. ಕಾಡಂಚಿನ ಹಾಡಿಯ ಮುದುಕಿಯರಿಗೂ ಅರ್ಥವಾಗುವಂತೆ ಅದನ್ನು ಬಿಡಿಸಿ ಹೇಳುತ್ತಿದ್ದನಂತೆ. ಸಿಡುಕಿಲ್ಲ, ದೊಡ್ಡಸ್ತಿಕೆಯಿಲ್ಲ.

'ಎಂಥ ಮನುಷ್ಯ ಇವನು!' ಎಂದುಕೊಳ್ಳುತ್ತಿದ್ದಳು ರಾಣಿ. ಸಂತೆಯ ದಿನ ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಅವನಿಗೆ ಕಾಣದೆಂದು ನೆನಪಾಗಿ ತನಗೆ ತಾನೇ ನಗುತ್ತಿದ್ದಳು.

ಅಟೆಂಡರ್ ಹುಚ್ಚಯ್ಯ ಸುಮ್ಮನಿರುವವನೇ? "ಏನವ್ವಾ, ಮಿಕ್ಕ ದಿನ ಗೊಗ್ಗರು ಗಂಟಲು, ಸಂತೆ ದಿನ ಮಾತ್ರ ಜೇನು ಸುರಿತದಲ್ಲ!"

"ಹೋಗಿ ಹುಚ್ಚಯ್ಯಣ್ಣ, ಟೀ ತನ್ನಿ!"

ಅತ್ತ ಆಫೀಸು ಮುಗಿದ ಮೇಲೆ ಅವಳು ಪುಟಗಳನ್ನು ಮತ್ತೆ ಬರೆಯತೊಡಗಿದ್ದಳು. ಚಿತ್ರ ತೆಗೆದು, ಯಂತ್ರ ಓದಬಲ್ಲ ಯೂನಿಕೋಡ್ ಅಕ್ಷರ ಹಾಕುವುದು. ಫೋಟೋ ಇದ್ದಲ್ಲಿ ಅದರಲ್ಲೇನಿದೆ ಎಂದು ಬರೆಯುವುದು. ಪಿಂಚಣಿಯ ಪುಟಗಳಷ್ಟೇ ಉಳಿದಿದ್ದವು. ಅಲ್ಲಿ ಅವಳ ಬೆರಳು ನಿಂತುಬಿಟ್ಟಿತು.

'ಇದೂ ಮಾತಾಡಿದರೆ... ಅವನಿಗೆ ನಾನೇಕೆ ಬೇಕು? ಅವನು ಬರುವುದೇ ಇಲ್ಲವಲ್ಲ!'

ಇಂದು, ನಾಳೆ ಎಂದು ಮುಂದೂಡಿದಳು.

ಅಷ್ಟರಲ್ಲಿ ಹಾಡಿಯಿಂದ ಚಿಕ್ಕಮಾದಿ ಎಂಬ ಅಜ್ಜಿ ಬಂದಳು, ಬಿಸಿಲಲ್ಲಿ ಬಸವಳಿದು.

"ಪಿಂಚಣಿ ಸಾಹೇಬ್ರು ಇವತ್ತು ಬತ್ತಾರಂತಲ್ಲವ್ವಾ?"

"ದಿನ ಬದಲಾಯ್ತಜ್ಜಿ. ನಿನ್ನೆಯೇ ಬಂದು ಹೋದ್ರು..."

"ಅಯ್ಯೋ! ದೇವರಾಜಪ್ಪ ಇವತ್ತೇ ಅಂದಿದ್ದ ಕಣವ್ವ. ಅವ ಸುಳ್ಳೇಳಾಕಿಲ್ಲ."

ರಾಣಿ ಅಜ್ಜಿಗೆ ಕುಡಿಯಲು ನೀರು ಕೊಟ್ಟಳು. ಕಳೆದ ಸಂತೆಯಾದ ಮೇಲೆ ಬದಲಾದ ಆ ದಿನವನ್ನು ಜಾಲತಾಣಕ್ಕೆ ಹಾಕಿದವಳು ತಾನೇ. ಆದರೆ ಅವನಿಗೆ ಅದು ಇನ್ನೂ ಗ್ರಾಫಿಕ್! ತನ್ನ ಆಸೆಗಾಗಿ ಈ ಅಜ್ಜಿಯನ್ನು ಬಿಸಿಲಲ್ಲಿ ನಿಲ್ಲಿಸಿದೆನಲ್ಲ...

ಅಂದು ಸಂಜೆ ಕಣ್ಣೊರೆಸಿಕೊಳ್ಳುತ್ತ ಉಳಿದ ಪುಟಗಳನ್ನು ಮುಗಿಸಿದಳು. ಬೂತಿಗೆ ಫೋನು ಮಾಡಿದಳು.

"ಇನ್ನು ನೀವು ಇಲ್ಲಿವರೆಗೆ ಬರೋ ತೊಂದರೆ ಇಲ್ಲ. ಎಲ್ಲಾ ನಿಮ್ಮ ಕಂಪ್ಯೂಟರೇ ಓದತ್ತೆ."

"...ಒಳ್ಳೇದಾಯ್ತು ಕಣ್ರೀ," ಎಂದ. ಫೋನು ಇಟ್ಟುಬಿಟ್ಟ.

ಸಂತೆ ಬಂತು. ಅವನು ಬರಲಿಲ್ಲ. ಮುಂದಿನ ಸಂತೆಗೂ ಇಲ್ಲ!

'ಅವನಿಗೆ ಬೇಕಿದ್ದದ್ದು ನನ್ನ ಕಣ್ಣಷ್ಟೇ...' ಹುಚ್ಚಯ್ಯನೂ ಕೀಟಲೆ ನಿಲ್ಲಿಸಿದ್ದ.

ಸಂತೆಯಲ್ಲದ ಒಂದು ದಿನ ಹೊಸ್ತಿಲಲ್ಲಿ ಕೋಲಿನ ಸದ್ದಾಯಿತು. ರಾಣಿ ದಡಬಡಿಸಿ ಎದ್ದಳು.

"ಏನಾಯ್ತು? ಯಾವ ಪುಟ ಓದ್ತಿಲ್ಲ?"

"ಎಲ್ಲಾ ಓದ್ತದೆ. ಕಬಿನಿ ಫೋಟೋ ಬಂದಾಗ 'ನೀರಂಚಲ್ಲಿ ಆನೆ, ಪಕ್ಕದಲ್ಲಿ ಮರಿ' ಅಂತು. ಕಣ್ಣು ಹೋದ ಮೇಲೆ ಮೊದಲನೇ ಸಲ ಒಂದು ಫೋಟೋ ನೋಡ್ದೆ ಕಣ್ರೀ."

"ಮತ್ತೆ... ಯಾಕೆ ಬರಲಿಲ್ಲ?"

"ಬರಬೇಡ ಅಂದೋರು ನೀವೇ ಅಲ್ವಾ? ನನ್ನ ಕಾಟ ತಪ್ಪಿಸ್ಕೊಳ್ಳಾಕೆ ಇಷ್ಟು ಕಷ್ಟಪಟ್ರು ಅಂದ್ಕಂಡೆ."

"ಕಾಟಾನಾ?" ಅವಳ ದನಿ ಒಡೆಯಿತು. "ಇದು ಮುಗಿದ್ರೆ ನೀವು ಬರಲ್ಲ ಅಂತ ಹೆದರಿ ತಡ ಮಾಡ್ದೆ ರೀ! ಅದಕ್ಕೇ ಆ ಅಜ್ಜಿ ಸುಮ್ಮನೆ ಅಲೆದ್ರು... ತಪ್ಪು ನಂದು."

ದೇವರಾಜ ಕೋಲನ್ನು ಗೋಡೆಗೆ ಒರಗಿಸಿದ.

"ಹೆದರ್ಕಂಡೂ ಮುಗಿಸಿದ್ರಲ್ಲ ರಾಣಿ," ಎಂದ. ಮೊದಲ ಬಾರಿಗೆ ಹೆಸರು ಹಿಡಿದು ಕರೆದಿದ್ದ. "ಈಗ ನಂಗೆ ಇಲ್ಲಿ ಯಾವ ಕೆಲಸಾನೂ ಇಲ್ಲ. ಆದ್ರೂ ಬಂದಿವ್ನಿ. ನೀವು ಬೇಕು ಅಂತ. ಬರಬಹುದಾ?"

ಅವಳು ಕುರ್ಚಿ ಎಳೆದು, ಅವನ ಕೈಯನ್ನು ಅದರ ಬೆನ್ನಿಗೆ ತಾಗಿಸಿದಳು. ತನ್ನ ಕೈ ತೆಗೆಯಲಿಲ್ಲ.

"ಏನು ಓದಲಿ ಹೇಳಿ?"

"ಓದೋದು ಬ್ಯಾಡ. ಬೆಳಗ್ಗೆ ಏನ್ ತಿಂದ್ರಿ, ಹೇಳಿ."

"ಅಕ್ಕಿ ರೊಟ್ಟಿ..." ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಯಾವ ಚಟ್ನಿ?"

"ಹುಚ್ಚೆಳ್ಳು."

"ಹೂಂ... ಮುಂದಕ್ಕೆ ಹೇಳಿ. ಕೊನೇ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತದೆ."