ಸತ್ತವಳು ಹೊಲಿದ ಶರ್ಟು

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ನರ್ಸಮ್ಮನ ದೂರು ಬರೆದುಕೊಳ್ಳಲು ಹೆಡ್ ಕಾನ್‌ಸ್ಟೆಬಲ್ ಮೊದಲಿಗೆ ಒಪ್ಪಲಿಲ್ಲ. ಭಾವನ ಮನೆಯೊಳಗೆ ಯಾರೋ ಬಂದು ಹೋಗುತ್ತಿದ್ದಾರೆ ಎಂದಳು. ಏನು ಕಳುವಾಗಿದೆ ಎಂದ. ಏನೂ ಇಲ್ಲ. ಬೀಗ ಒಡೆದಿದ್ದಾರಾ ಎಂದ. ಅದೂ ಇಲ್ಲ. ಮತ್ತೆ ಬಂದವರು ಮಾಡುವುದಾದರೂ ಏನು ಎಂದರೆ, ಶರ್ಟು ಹೊಲಿಯುತ್ತಾರೆ ಎಂದಳು. ಹೆಡ್ ಕಾನ್‌ಸ್ಟೆಬಲ್ ಪೆನ್ನಿಗೆ ಕ್ಯಾಪು ಹಾಕಿ ಆಕೆಯನ್ನು ಇನ್‌ಸ್ಪೆಕ್ಟರ್ ಕೋಣೆಗೆ ಸಾಗಹಾಕಿದ. ಇಂಥ ತಲೆನೋವುಗಳಿಗೆಂದೇ ಮೇಲಧಿಕಾರಿಗಳು ಇರುವುದು ಎಂಬುದು ಅವನ ಇಷ್ಟು ವರ್ಷದ ಸೇವೆಯ ಸಾರ.

ಇನ್‌ಸ್ಪೆಕ್ಟರ್ ಪೂರ್ತಿ ಕೇಳಿಸಿಕೊಂಡರು. ನರ್ಸಿನ ಅಕ್ಕ ತೀರಿಕೊಂಡು ಐದು ತಿಂಗಳಾಗಿತ್ತು. ಅಕ್ಕನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಕ್ಕಳಿಲ್ಲ. ಅವನಿಗೆಂದು ಅವಳು ಹೊಲಿಯುತ್ತಿದ್ದ ತಿಳಿನೀಲಿ ಶರ್ಟು ಮಿಷಿನ್ನಿನ ಮೇಲೆಯೇ ಉಳಿದುಬಿಟ್ಟಿತ್ತು. ಜೇಬು, ಭುಜ ಅಷ್ಟೇ ಆಗಿದ್ದವು, ಉಳಿದದ್ದು ಬರೀ ಕತ್ತರಿಸಿಟ್ಟ ಬಟ್ಟೆ. ಅದನ್ನು ಮುಟ್ಟಲು ಅವನು ಯಾರಿಗೂ ಬಿಡಲಿಲ್ಲ. ಎರಡು ತಿಂಗಳ ಹಿಂದೆ ಒಂದು ದಿನ ಡ್ಯೂಟಿ ಮುಗಿಸಿ ಬಂದು ನೋಡಿದರೆ ಒಂದು ಪಕ್ಕ ಹೊಲಿಗೆ ಬಿದ್ದಿತ್ತು. ಆಮೇಲೆ ಇನ್ನೊಂದು ಪಕ್ಕ, ಕಾಲರು, ತೋಳುಗಳು. ಹೆಂಡತಿಯೇ ಬರುತ್ತಿದ್ದಾಳೆ ಎಂದು ಅವನು ನಂಬಿಬಿಟ್ಟ.

"ನಂಬ್ಕೊಳ್ಳಲಿ ಬಿಡು, ಏನೋ ಸಮಾಧಾನ ಅಂತ ನಾನೂ ಸುಮ್ಮನಿದ್ದೆ ಸಾರ್. ಹೋದ ವಾರ ಭಾವ ಏನಂದ್ರು ಗೊತ್ತಾ? ಶರ್ಟು ಮುಗಿದ ದಿನ ಅದನ್ನ ಹಾಕ್ಕೊಂಡು ಅವಳ ಹತ್ರಾನೇ ಹೊರಟುಬಿಡ್ತೀನಿ ಅಂದ್ರು. ನಗುನಗ್ತಾ ಹೇಳಿದ್ರು ಸಾರ್, ಅದಕ್ಕೇ ನಂಗೆ ಭಯ."

"ಮುಗಿಯೋಕೆ ಇನ್ನೆಷ್ಟಿದೆ?"

"ಗುಂಡಿ ಒಂದೇ ಬಾಕಿ ಇತ್ತು. ಶನಿವಾರ ಹೋಗಿ ನೋಡ್ತೀನಿ, ಒಂದು ತೋಳನ್ನ ಯಾರೋ ಬಿಚ್ಚಿಟ್ಟಿದ್ದಾರೆ."

ಅಪರಿಚಿತ ವ್ಯಕ್ತಿಯಿಂದ ಗೃಹ ಅತಿಕ್ರಮ ಪ್ರವೇಶ ಎಂದು ಎಫ್‌ಐಆರ್ ದಾಖಲಾಯಿತು. ಅಪರಿಚಿತ ವ್ಯಕ್ತಿ ಎನ್ನುವುದರ ಮುಂದೆ ಜೀವಂತ ಎಂದು ಸೇರಿಸಬೇಕೇ ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದ. ಇನ್‌ಸ್ಪೆಕ್ಟರ್ ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡು ಜೀಪಿನ ಕೀಲಿ ತಂದ.

ಸಂಜೆ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆದು ಸ್ಥಳ ಪಂಚನಾಮೆ ನಡೆಸಿದರು. ಎರಡೇ ಕೋಣೆಯ ಮನೆ. ಬಾಗಿಲಿನ ಬೀಗಕ್ಕೆ ಗೀರೂ ಬಿದ್ದಿರಲಿಲ್ಲ. ಕಿಟಕಿಗಳಿಗೆ ಭದ್ರವಾದ ಸರಳು. ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ ಬೋರಲು ಹಾಕಿದ್ದವು. ಉಳಿದ ಪಾತ್ರೆಗಳ ಮೇಲೆ ಧೂಳು ಕೂತಿತ್ತು. ಹೊಲಿಗೆ ಮಿಷಿನ್ನಿನ ಮೇಲೆ ಮಾತ್ರ ಒಂದು ಚೂರೂ ಧೂಳಿರಲಿಲ್ಲ.

ಮೆಕ್ಯಾನಿಕ್ ಬಡಕಲಾಗಿದ್ದ. ಪ್ಯಾಂಟು ಬೆಲ್ಟಿನ ಪುಣ್ಯದಿಂದ ಸೊಂಟದ ಮೇಲೆ ನಿಂತಿತ್ತು. ಪೊಲೀಸರನ್ನು ಕಂಡು ಅವನಿಗೆ ಗಾಬರಿಯೂ ಆಗಲಿಲ್ಲ, ಸಿಟ್ಟೂ ಬರಲಿಲ್ಲ. ಅವಳು ತನ್ನ ಡ್ಯೂಟಿ ಸಮಯ ನೋಡಿಕೊಂಡೇ ಬರುತ್ತಾಳೆ, ಎದುರಿಗೆ ಬಂದರೆ ತಾನು ಅಳುತ್ತೇನೆಂದು ಅವಳಿಗೆ ಗೊತ್ತು ಎಂದು ವಿವರಿಸಿದ. ತೋಳು ಬಿಚ್ಚಿದ್ದು ಯಾಕೆ ಎಂದು ಕೇಳಿದ್ದಕ್ಕೆ ಅವನ ಮುಖ ಸಪ್ಪಗಾಯಿತು. ಅವಳಿಗೇನೋ ಬೇಸರವಾಗಿರಬೇಕು, ನಾಳೆ ಸಂಜೆಯೊಳಗೆ ಅವಳು ಜೋಡಿಸದಿದ್ದರೆ ತಾನೇ ಹೇಗೋ ಹೊಲಿದು, ಗುಂಡಿಯನ್ನೂ ಹಾಕಿ ಮುಗಿಸುತ್ತೇನೆ ಎಂದ.

ಇನ್‌ಸ್ಪೆಕ್ಟರ್ ಅವನಿಗೆ ಆ ಒಂಟಿ ತೋಳಿನ ಶರ್ಟನ್ನೇ ತೊಡಿಸಿದರು. ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಅಲಮಾರಿಯಲ್ಲಿದ್ದ ಹಳೆಯ ಶರ್ಟು ತೊಡಿಸಿದರೆ ಜೋಲಾಡಿತು. ನೀಲಿ ಶರ್ಟಿನ ಒಳಮೈ ತಿರುಗಿಸಿ ನೋಡಿದರು. ಸತ್ತವಳು ಚಾಕ್‌ಪೀಸಿನಲ್ಲಿ ಎಳೆದ ಗೆರೆ ಇನ್ನೂ ಮಸುಕಾಗಿ ಕಾಣುತ್ತಿತ್ತು. ಹೊಲಿಗೆ ಮಾತ್ರ ಎರಡೂ ಪಕ್ಕ ಅದಕ್ಕಿಂತ ಒಂದಂಗುಲ ಒಳಗೆ ಬಿದ್ದಿತ್ತು.

"ಇವನು ಇಳಿದುಹೋಗಿರೋದು ಹೆಂಡತಿ ಸತ್ತ ಮೇಲೆ. ಹೊಲಿದವರು ಇವನನ್ನ ಈಚೆಗೆ ನೋಡಿದ್ದಾರೆ" ಎಂದರು ಇನ್‌ಸ್ಪೆಕ್ಟರ್, ಹೊರಗೆ ಬಂದು.

"ದಿನಾ ಬಂದು ಹೋಗೋರು ನೋಡಿರಲ್ವಾ ಸಾರ್?" ಎಂದ ಹೆಡ್ ಕಾನ್‌ಸ್ಟೆಬಲ್. ಮನೆಯೊಳಗೆ ಅವನು ಒಮ್ಮೆಯೂ ಮಿಷಿನ್ನಿಗೆ ಬೆನ್ನು ಮಾಡಿ ನಿಂತಿರಲಿಲ್ಲ.

"ಕರ್ಕೊಂಡು ಹೋಗೋಕೆ ಬಂದವಳು ತೋಳು ಯಾಕಯ್ಯಾ ಬಿಚ್ತಾಳೆ? ಮುಗಿದ್ರೆ ಇವನು ಸಾಯ್ತಾನೆ ಅಂತ ಹೆದರಿದವರು ಬಿಚ್ಚಿದ್ದಾರೆ."

ಆ ಮಾತನ್ನು ಮೆಕ್ಯಾನಿಕ್ ಹೇಳಿದ್ದು ಇಬ್ಬರಿಗೇ. ಒಬ್ಬಳು ನಾದಿನಿ. ಇನ್ನೊಬ್ಬ ಮೂವತ್ತು ವರ್ಷದ ಗೆಳೆಯ, ಎರಡು ಬೀದಿ ಆಚೆ ಅಂಗಡಿ ಇಟ್ಟಿರುವ ಟೈಲರ್. ಅವನು ಇದನ್ನೆಲ್ಲ ನಂಬುವ ಪೈಕಿಯಲ್ಲ, ದಿನಾ ಜಗಳವಾಡುತ್ತಾನೆ, ಆದರೂ ಒಂದು ದಿನ ನಂಬಿಸಿಯೇ ತೀರುತ್ತೇನೆ ಎಂದು ಮೆಕ್ಯಾನಿಕ್ ಹಟದಿಂದ ಹೇಳಿದ್ದ.

ಆ ರಾತ್ರಿ ಮನೆ ಮುಂದೆ ಒಬ್ಬ ಕಾನ್‌ಸ್ಟೆಬಲ್‌ನನ್ನು ಕಾವಲಿಗೆ ಹಾಕಿದರು. ಮಂಗಳವಾರ ಬೆಳಿಗ್ಗೆ ಇನ್‌ಸ್ಪೆಕ್ಟರ್ ಟೈಲರ್ ಅಂಗಡಿಗೆ ಹೋದರು. ಟೈಲರ್ ಮಾತಿನ ಮಲ್ಲ. ಸತ್ತವರು ಎದ್ದು ಬಂದು ಹೊಲಿಯುವುದಾದರೆ ತಾನು ಅಂಗಡಿಗೆ ಬಾಗಿಲು ಹಾಕಿ ಕಾಲು ಚಾಚಿ ಮಲಗುತ್ತೇನೆ ಎಂದ. ಮೆಕ್ಯಾನಿಕ್‌ನ ಹೆಂಡತಿ ತನ್ನ ಅಂಗಡಿಗೇ ಕಾಜಾ, ಗುಂಡಿ ಕೆಲಸ ಮಾಡಿಕೊಡುತ್ತಿದ್ದಳೆಂದೂ, ಭಾನುವಾರದ ಊಟ ತನಗೆ ಆ ಮನೆಯಲ್ಲೇ ಆಗುತ್ತಿತ್ತೆಂದೂ ಕೇಳದೆಯೇ ಹೇಳಿದ. ತನಗೆ ಮದುವೆ ಗಿದುವೆ ಆಗಿಲ್ಲ, ಆ ಗೋಳಿಲ್ಲ ಎಂದು ನಕ್ಕ.

"ಇವತ್ತು ಸಂಜೆ ಆ ತೋಳನ್ನ ತಾನೇ ಹೊಲಿದು ಮುಗಿಸ್ತಾನಂತೆ ನಿಮ್ಮ ಗೆಳೆಯ."

ಕತ್ತರಿ ಬಟ್ಟೆಯ ನಡುವೆ ನಿಂತಿತು. "ಅವನಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಸಾರ್" ಎಂದ ಟೈಲರ್. ಈ ಸಲ ನಗಲಿಲ್ಲ.

ಇನ್‌ಸ್ಪೆಕ್ಟರ್ ಅಲ್ಲಿಂದ ನೇರ ಮೆಕ್ಯಾನಿಕ್ ಮನೆಗೆ ಬಂದು, ನರ್ಸಿನ ಬಳಿಯಿದ್ದ ಕೀಲಿಯಿಂದ ಒಳಹೊಕ್ಕು ಹೆಡ್ ಕಾನ್‌ಸ್ಟೆಬಲ್ ಜತೆ ಅಡುಗೆಮನೆಯಲ್ಲಿ ಕೂತರು. ಮೆಕ್ಯಾನಿಕ್ ಡ್ಯೂಟಿಗೆ ಹೋಗಿದ್ದ. ಹೊರಗಿನಿಂದ ಬೀಗ ಹಾಕಿಸಿದ್ದರು. ಊಟದ ಹೊತ್ತಿಗೆ ಬೀಗ ತೆರೆದ ಸದ್ದಾಯಿತು. ಹೆಡ್ ಕಾನ್‌ಸ್ಟೆಬಲ್ ಇನ್‌ಸ್ಪೆಕ್ಟರ್ ತೋಳು ಹಿಡಿದುಕೊಂಡ. ಟೈಲರ್ ಒಳಬಂದು, ಚಪ್ಪಲಿ ಬಿಟ್ಟು, ಶರ್ಟನ್ನು ನಾಜೂಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡ. ಹಿಡಿದಾಗ ಕೊಸರಾಡಲೂ ಇಲ್ಲ. ಹೊಲಿಗೆ ಕೆಲಸ ತಂದು ಕೊಡಲು, ಒಯ್ಯಲು ಅನುಕೂಲವಾಗಲೆಂದು ಅವಳು ಕೊಟ್ಟಿದ್ದ ಕೀಲಿ ಅವನಲ್ಲೇ ಉಳಿದಿತ್ತು. ಅದನ್ನೂ ಶರ್ಟನ್ನೂ ಪಂಚರ ಸಮಕ್ಷಮ ವಶಪಡಿಸಿಕೊಂಡರು.

ಠಾಣೆಯಲ್ಲಿ ಟೈಲರ್ ಎಲ್ಲವನ್ನೂ ಒಪ್ಪಿಕೊಂಡ. ಅವಳು ಸತ್ತ ಮೇಲೆ ಗೆಳೆಯ ಮೂರು ತಿಂಗಳು ಅಂಗಡಿಯತ್ತ ತಲೆಹಾಕಿರಲಿಲ್ಲ. ಕರೆದರೆ ಬಾಗಿಲೂ ತೆಗೆಯುತ್ತಿರಲಿಲ್ಲ. ಒಂದು ದಿನ ಅವಳ ಬಳಿ ಉಳಿದಿದ್ದ ಅಂಗಡಿಯ ಬಟ್ಟೆ ಒಯ್ಯಲು ಬಂದಾಗ ಅರ್ಧ ಶರ್ಟು ಕಂಡು, ಹಾಗೇ ಬಿಟ್ಟು ಹೋಗಲಾಗದೆ ಒಂದು ಪಕ್ಕ ಹೊಲಿದುಬಿಟ್ಟ. ಡಿಪೋಗೆ ಹೋಗಿಬರುವ ಗೆಳೆಯ ಇಳಿದುಹೋಗಿದ್ದನ್ನು ದೂರದಿಂದಲೇ ಕಂಡಿದ್ದ, ಅವನ ಈಗಿನ ಮೈಗೆ ಸರಿಹೊಂದದ ಶರ್ಟು ಹೊಲಿಯಲು ಕೈ ಬರಲಿಲ್ಲ. ಮರುದಿನ ಗೆಳೆಯ ಅಂಗಡಿಗೆ ಓಡಿಬಂದ. ಅವಳು ಬಂದಿದ್ದಳು ಎಂದು ಸಂಜೆವರೆಗೂ ಮಾತಾಡಿದ.

"ನಂಬ್ತೀನಿ ಅಂದಿದ್ರೆ ಮಾತು ಅಲ್ಲಿಗೇ ಮುಗಿದುಹೋಗ್ತಿತ್ತು ಸಾರ್. ನಂಬಲ್ಲ ಅಂದೆ. ನಂಬಿಸೋಕೆ ಅಂತ ದಿನಾ ಬರೋಕೆ ಶುರು ಮಾಡಿದ. ಸಾಯ್ತೀನಿ ಅಂತಾನೆ ಅಂತ ನಂಗೇನು ಗೊತ್ತಿತ್ತು."

ಸಂಜೆ ನರ್ಸು ಭಾವನನ್ನು ಕರೆತಂದಳು. ಮೆಕ್ಯಾನಿಕ್ ಮೇಜಿನ ಮೇಲಿದ್ದ ಶರ್ಟನ್ನೇ ನೋಡುತ್ತ ಗೆಳೆಯನನ್ನು ಕೇಳಿದ.

"ಪಕ್ಕದ ಹೊಲಿಗೆ?"

"ನಾನೇ."

"ತೋಳು?"

"ನಾನೇ. ಬಿಚ್ಚಿದ್ದೂ ನಾನೇ."

"ಕಾಲರು?"

ಟೈಲರ್ ಇನ್‌ಸ್ಪೆಕ್ಟರ್ ಕಡೆ ನೋಡಿದ. ಅವನ ಹೇಳಿಕೆ ಇನ್‌ಸ್ಪೆಕ್ಟರ್ ಕೈಯಲ್ಲೇ ಇತ್ತು, ಕಾಲರಿನ ವಿಷಯವೂ ಅದರಲ್ಲಿತ್ತು. ಅಲ್ಲ ಎಂದೊಂದು ಮಾತು ಹೇಳಿದರೆ ಈ ಗೆಳೆತನ ಉಳಿಯುತ್ತದೆ ಎಂದು ಇನ್‌ಸ್ಪೆಕ್ಟರಿಗೂ ಗೊತ್ತಾಯಿತು.

"ಕಾಲರ್ ಒಂದಾದ್ರೂ ಅವಳದ್ದು ಅನ್ನೋ" ಎಂದ ಮೆಕ್ಯಾನಿಕ್.

"ಇಲ್ಲ ಕಣೋ. ಅದೂ ನಾನೇ. ಅವಳು ಒಂದು ದಿನಾನೂ ಬರಲಿಲ್ಲ. ಅವಳು ಎಲ್ಲೂ ಕಾಯ್ತಾ ಇಲ್ಲ ಕಣೋ, ನೀನು ಹೋಗ್ಬೇಡ."

ಮೆಕ್ಯಾನಿಕ್ ಬಿಕ್ಕಿ ಬಿಕ್ಕಿ ಅತ್ತ. ಐದು ತಿಂಗಳಲ್ಲಿ ಭಾವ ಅತ್ತದ್ದು ಇದೇ ಮೊದಲು ಎಂದು ನರ್ಸು ಆಮೇಲೆ ಹೇಳಿದಳು. ಅತ್ತು ಮುಗಿಸಿ, ಇನ್ನು ನಿನ್ನ ಮುಖ ನೋಡಲ್ಲ ಎಂದು ಎದ್ದು, ನಾದಿನಿಯ ಹಿಂದೆ ಹೊರಟುಹೋದ. ಶರ್ಟನ್ನು ಕೇಳಲಿಲ್ಲ.

ಬಂಧನದ ಕಾಗದಪತ್ರ ಮುಗಿಯುವಷ್ಟರಲ್ಲಿ ನರ್ಸಿನ ಫೋನು ಬಂತು. ಭಾವ ತನ್ನ ಮನೆಯಲ್ಲೇ ಇದ್ದಾರೆ, ಹೊಟ್ಟೆತುಂಬ ಉಂಡರು, ನಾಳೆ ಬೆಳಗಿನ ಪಾಳಿಗೆ ಎಬ್ಬಿಸು ಎಂದು ಹೇಳಿ ಮಲಗಿದರು ಎಂದಳು. ಇನ್‌ಸ್ಪೆಕ್ಟರ್ ಅದನ್ನು ಟೈಲರ್‌ಗೆ ತಿಳಿಸಿದರು. ಅವನು ತಲೆಯಾಡಿಸಿ, ಎರಡೂ ಕೈಯಿಂದ ಮುಖ ಒರೆಸಿಕೊಂಡ.

ಜಾಮೀನು ಕೊಡಬಹುದಾದ ಅಪರಾಧ. ಆಪ್ತರ ಪೈಕಿ ಜಾಮೀನಿಗೆ ನಿಲ್ಲುವವರು ಯಾರಿದ್ದಾರೆ ಎಂದು ಹೆಡ್ ಕಾನ್‌ಸ್ಟೆಬಲ್ ಕೇಳಿದ.

"ಒಬ್ಬ ಇದ್ದ ಸಾರ್" ಎಂದ ಟೈಲರ್. "ಈಗಷ್ಟೇ ಎದ್ದು ಹೋದ."